ಕಣ್ಣಲ್ಲಿ ಕಿಡ್ನಿ ಕಾಣಿಸುತ್ತಾ?

ರಜೆ ಮುಗಿಸಿ ಹಾಸ್ಟೆಲ್‌ಗೆ ವಾಪಸ್ ಬಂದ ನಮ್ಮ ಗೆಳೆಯನೊಬ್ಬ ಈ ಸಲ ಚಕ್ಕುಲಿ, ಕೊಬ್ಬರಿ ಮಿಠಾಯಿ ಜೊತೆಗೆ ಒಂದು ಪ್ಲಾಸ್ಟಿಕ್ ಫೈಲನ್ನೂ ತಂದಿದ್ದ. ಚಕ್ಕುಲಿ ಡಬ್ಬಿ ಹತ್ತು ನಿಮಿಷದಲ್ಲಿ ಖಾಲಿ ಆಯ್ತು. ಫೈಲ್ ಮಾತ್ರ ಮೂರು ವಾರ ನಮ್ಮ ರೂಮಲ್ಲೇ ಉಳಿಯಿತು.

ಒಳಗಿದ್ದದ್ದು ಎಂಟು ಪುಟದ ಕಲರ್ ಪ್ರಿಂಟ್. ಮೊದಲ ಪುಟದಲ್ಲಿ ಅವನ ಅಪ್ಪನ ಎರಡೂ ಕಣ್ಣುಗಳ ಫೋಟೊ, ಅಂಗೈ ಅಗಲಕ್ಕೆ ದೊಡ್ಡದು ಮಾಡಿದ್ದು. ಪಾಪೆಯ ಸುತ್ತ ಇರುವ ಬಣ್ಣದ ಬಳೆಯ ಮೇಲೆ ಗಾಡಿಚಕ್ರದ ಅರಗಳ ಹಾಗೆ ಗೆರೆಗಳು, ಒಂದೊಂದು ಮನೆಯಲ್ಲೂ ಒಂದೊಂದು ಅಂಗದ ಹೆಸರು. ನೋಡಿದರೆ ಥೇಟ್ ಜಾತಕದ ಕುಂಡಲಿ. ಮುಂದಿನ ಪುಟಗಳಲ್ಲಿ ತೀರ್ಪು: ಮೇದೋಜೀರಕ ಗ್ರಂಥಿ ಉತ್ತಮ, ಲಿವರ್‌ನಲ್ಲಿ ವಿಷಾಂಶ ಶೇಖರಣೆ, ಕಿಡ್ನಿ ದುರ್ಬಲವಾಗುವ ಪ್ರವೃತ್ತಿ.

ಅವನದು ಕಡೂರಿನ ಕಡೆ ಒಂದು ಹಳ್ಳಿ. ಅಪ್ಪ ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಹನ್ನೆರಡು ವರ್ಷದಿಂದ ಶುಗರ್ ಇದೆ, ದಿನಕ್ಕೆ ಎರಡು ಹೊತ್ತು ಮಾತ್ರೆ. ಪೇಟೆಯ ವಸ್ತುಪ್ರದರ್ಶನಕ್ಕೆ ಹೋದಾಗ, ತವಾ, ತರಕಾರಿ ಕತ್ತರಿಸೋ ಯಂತ್ರ ಮಾರುವ ಮಳಿಗೆಗಳ ಮಧ್ಯೆ ‘ರಕ್ತ ಬೇಡ, ಸೂಜಿ ಬೇಡ, ಐದೇ ನಿಮಿಷದಲ್ಲಿ ಇಡೀ ದೇಹದ ತಪಾಸಣೆ’ ಅನ್ನೋ ಬೋರ್ಡ್ ಕಂಡಿದೆ. 300 ರೂಪಾಯಿ ಕೊಟ್ಟು ಕೂತಿದ್ದಾರೆ. ಬಿಳಿ ಕೋಟಿನ ಹುಡುಗನೊಬ್ಬ ಕಣ್ಣಿನ ಫೋಟೊ ತೆಗೆದ, ಲ್ಯಾಪ್‌ಟಾಪ್ ರಿಪೋರ್ಟ್ ಕೊಟ್ಟಿತು. ‘ನಿಮ್ಮ ಮೇದೋಜೀರಕ ಗ್ರಂಥಿ ಚೆನ್ನಾಗೇ ಇದೆ ಸಾರ್, ಪ್ರಾಬ್ಲಮ್ ಇರೋದು ಲಿವರಲ್ಲಿ. ಅದನ್ನ ಕ್ಲೀನ್ ಮಾಡಿದ್ರೆ ಶುಗರ್ ತಾನಾಗೇ ಇಳಿಯುತ್ತೆ’ ಅಂದನಂತೆ. ಮೂರು ತಿಂಗಳ ಪುಡಿಗೆ 2,400 ರೂಪಾಯಿ. ಮಾತ್ರೆ ನಿಧಾನಕ್ಕೆ ಬಿಡಿ ಅಂತಲೂ ಹೇಳಿದ್ದಾನೆ. ಅದು ಮಾತ್ರ ರಿಪೋರ್ಟಿನಲ್ಲಿ ಎಲ್ಲೂ ಬರೆದಿಲ್ಲ. ಅಪ್ಪ ನಿಧಾನಕ್ಕೇನೂ ಬಿಡಲಿಲ್ಲ, ಮಾರನೇ ವಾರವೇ ನಿಲ್ಲಿಸಿಬಿಟ್ಟರು.

‘ನೀವೆಲ್ಲ ಇಮೇಜ್ ಪ್ರೊಸೆಸಿಂಗ್ ಓದ್ತೀರಲ್ಲ, ಇದು ನಿಜಾನಾ ಸುಳ್ಳಾ ಹೇಳ್ರೋ’ ಅಂತ ಗೆಳೆಯ ಕೇಳಿದ. ‘ಸುಳ್ಳು’ ಅಂತ ನಾವು ಒಂದೇ ಉಸಿರಿಗೆ ಹೇಳಿದೆವು. ‘ಹೇಗೆ ಗೊತ್ತು?’ ಅಂದ. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ‘ಅದೆಲ್ಲ ಬೋಗಸ್ ಕಣೋ’ ಅನ್ನೋದು ಉತ್ತರ ಅಲ್ಲ, ಅದೂ ಒಂಥರಾ ನಂಬಿಕೆಯೇ. ಅಪ್ಪನಿಗೆ ಫೋನ್ ಮಾಡಿ ಮಾತಾಡಬೇಕಾದವನು ಅವನು, ಕೈಯಲ್ಲಿ ಏನಾದರೂ ಇರಬೇಕಲ್ಲ. ಹಾಗಾಗಿ ಕ್ಲಬ್ಬಿನ ನಾಲ್ಕು ಜನ ಕೂತು ಹುಡುಕಿದೆವು. ಸಿಕ್ಕಿದ್ದನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ.

ಗೂಬೆಯ ಕಥೆ

ಈ ಪದ್ಧತಿಯ ಹೆಸರು ಐರಿಡಾಲಜಿ. ಕಣ್ಣಿನ ಪಾಪೆಯ ಸುತ್ತ ಕಪ್ಪು, ಕಂದು ಅಥವಾ ನೀಲಿ ಬಣ್ಣದಲ್ಲಿ ಕಾಣುವ ಬಳೆಗೆ ಐರಿಸ್ ಅನ್ನುತ್ತಾರೆ. ಇಡೀ ದೇಹದ ನಕ್ಷೆ ಆ ಬಳೆಯಲ್ಲಿದೆ, ಬಲಗಣ್ಣಿನಲ್ಲಿ ದೇಹದ ಬಲಭಾಗ, ಎಡಗಣ್ಣಿನಲ್ಲಿ ಎಡಭಾಗ ಅನ್ನೋದು ಇದರ ವಾದ. ಐರಿಸ್ಸನ್ನು ಗಡಿಯಾರ ಅಂದುಕೊಂಡರೆ ಕಿಡ್ನಿ ಇರೋದು ಆರು ಗಂಟೆಯ ಪಕ್ಕದಲ್ಲಿ, ಹೊಟ್ಟೆ ಇರೋದು ಪಾಪೆಯ ಸುತ್ತ. ಯಾವ ಜಾಗದಲ್ಲಿ ಚುಕ್ಕೆ, ಗೆರೆ, ಬಣ್ಣದ ವ್ಯತ್ಯಾಸ ಕಾಣುತ್ತದೋ ಆ ಅಂಗದಲ್ಲಿ ತೊಂದರೆ.

ನಾವು ಕೂತು ಒಂದು ಸಣ್ಣ ಲೆಕ್ಕ ಹಾಕಿದೆವು. ಐರಿಸ್ಸಿನ ಅಡ್ಡಳತೆ ಸುಮಾರು 12 ಮಿಲಿಮೀಟರ್. ನಡುವಿನ ಪಾಪೆಯನ್ನು 4 ಮಿಲಿಮೀಟರ್ ಅಂತ ಹಿಡಿದು ಕಳೆದರೆ ಉಳಿಯುವುದು 100 ಚದರ ಮಿಲಿಮೀಟರ್ ಜಾಗ. ಹೆಚ್ಚು ಬಳಕೆಯಲ್ಲಿರುವ ನಕ್ಷೆಯಲ್ಲಿ ಸುಮಾರು 60 ಮನೆಗಳು. ಅಂದರೆ ಒಂದೊಂದು ಅಂಗಕ್ಕೆ ಸಿಗೋದು ಹೆಚ್ಚುಕಮ್ಮಿ ಒಂದು ಸಾಸಿವೆ ಕಾಳಿನಷ್ಟು ಜಾಗ. ಅದೂ ಸ್ಥಿರವಲ್ಲ. ಬಿಸಿಲಿಗೆ ಬಂದರೆ ಪಾಪೆ 2 ಮಿಲಿಮೀಟರಿಗೆ ಕುಗ್ಗುತ್ತದೆ, ಕತ್ತಲೆಗೆ ಹೋದರೆ 8ರವರೆಗೂ ಹಿಗ್ಗುತ್ತದೆ. ಅದರ ಜೊತೆ ಐರಿಸ್ ರಬ್ಬರ್ ಹಾಳೆಯ ಹಾಗೆ ಎಳೆದುಕೊಳ್ಳುತ್ತದೆ, ಮುದುಡುತ್ತದೆ. ಟ್ಯೂಬ್‌ಲೈಟ್ ಆರಿಸಿದರೆ ಲಿವರ್ ಪಕ್ಕದ ಮನೆಗೆ ಜರುಗಿರುತ್ತದೆ.

ಮಳಿಗೆಯ ಬೋರ್ಡಿನಲ್ಲಿ ‘ಐದು ಸಾವಿರ ವರ್ಷಗಳ ಪ್ರಾಚೀನ ಜ್ಞಾನ’ ಅಂತಲೂ ಇತ್ತಂತೆ. ಆಯುರ್ವೇದದ ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿ, ನಾಲಗೆ, ಮೂತ್ರದ ಜೊತೆ ದೃಕ್ ಅಂದರೆ ಕಣ್ಣನ್ನು ನೋಡುವುದೂ ಇದೆ, ನಿಜ. ಆದರೆ ಅದು ಕಣ್ಣು ಹೇಗೆ ಕಾಣುತ್ತದೆ ಅಂತ ಒಟ್ಟಾರೆ ನೋಡುವುದು. ಗಡಿಯಾರದ ಮನೆಗಳಿಗೂ ಅದಕ್ಕೂ ಸಂಬಂಧವಿಲ್ಲ. ಈ ನಕ್ಷೆ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ. 1826ರಲ್ಲಿ ಹಂಗೆರಿಯಲ್ಲಿ ಹುಟ್ಟಿದ ಇಗ್ನಾಟ್ಸ್ ಫಾನ್ ಪೇತ್ಸೆಲಿ ಎಂಬಾತ ಚಿಕ್ಕವನಿದ್ದಾಗ ಒಂದು ಗೂಬೆ ಹಿಡಿಯಲು ಹೋದನಂತೆ. ಎಳೆದಾಟದಲ್ಲಿ ಅದರ ಕಾಲು ಮುರಿಯಿತು. ಅದೇ ಹೊತ್ತಿಗೆ ಗೂಬೆಯ ಕಣ್ಣಲ್ಲಿ ಒಂದು ಕಪ್ಪು ಗೆರೆ ಮೂಡಿದ್ದನ್ನು ನೋಡಿದನಂತೆ. ಮುಂದೆ ಅವನು ವೈದ್ಯನಾದ, ರೋಗಿಗಳ ಕಣ್ಣುಗಳನ್ನು ನೋಡುತ್ತಾ ನಕ್ಷೆ ಬರೆದ. ಈ ಗೂಬೆ ಕಥೆ ಕಟ್ಟುಕಥೆ ಅಂತ ಅವನ ಸ್ವಂತ ಅಣ್ಣತಮ್ಮಂದಿರ ಮಗನೇ ಹೇಳಿದ್ದಾನೆ. ಆದರೂ ಐರಿಡಾಲಜಿಯ ಪುಸ್ತಕಗಳಲ್ಲಿ ಗೂಬೆ ಇನ್ನೂ ಹಾರಾಡುತ್ತಿದೆ. ನಮ್ಮ ಗೆಳೆಯನ ಅಪ್ಪನ ರಿಪೋರ್ಟಿನಲ್ಲಿ ಲಿವರ್ ಮೇಲೆ ಕೂರಿಸಿದ್ದು ಬಹುಶಃ ಅದೇ ಗೂಬೆ.

ಆಮೇಲೆ ಸ್ವೀಡನ್ನಿನ ನಿಲ್ಸ್ ಲಿಲ್ಯೆಕ್ವಿಸ್ಟ್ 1893ರಲ್ಲಿ ಚಿತ್ರಗಳ ಸಂಪುಟ ತಂದ. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಬರ್ನಾರ್ಡ್ ಜೆನ್ಸನ್ ತನ್ನ ನಕ್ಷೆಯಿಂದ ಇದನ್ನು ಜನಪ್ರಿಯ ಮಾಡಿದ. ಈ ಜೆನ್ಸನ್ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಒಬ್ಬರ ನಕ್ಷೆ ಇನ್ನೊಬ್ಬರ ನಕ್ಷೆಗೆ ಪೂರ್ತಿ ತಾಳೆ ಆಗುವುದಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇವೆ. ಇನ್ನೊಂದು ತಮಾಷೆ: ಈ ಪದ್ಧತಿಯಲ್ಲಿ ನೀಲಿ ಕಣ್ಣಿನವರದು ಒಂದು ದೇಹಪ್ರಕೃತಿ, ಕಂದು ಕಣ್ಣಿನವರದು ಇನ್ನೊಂದು, ಮಿಶ್ರ ಬಣ್ಣದವರದು ಮತ್ತೊಂದು. ಈ ಲೆಕ್ಕದಲ್ಲಿ ನಮ್ಮ ಕ್ಯಾಂಪಸ್ಸಿನ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಪ್ರಕೃತಿ.

ಆಧಾರ್ ಕೊಡುವ ಸಾಕ್ಷಿ

ಹುಡುಕುತ್ತಾ ಹೋದಾಗ ನಮಗೆ ತೀರಾ ಹತ್ತಿರದ ಸಾಕ್ಷಿ ಸಿಕ್ಕಿದ್ದು ನಮ್ಮೆಲ್ಲರ ಪರ್ಸಿನಲ್ಲೇ. ಆಧಾರ್ ಮಾಡಿಸುವಾಗ ಹತ್ತು ಬೆರಳಿನ ಜೊತೆ ಎರಡು ಐರಿಸ್ ಚಿತ್ರಗಳನ್ನೂ ತೆಗೆದುಕೊಂಡಿದ್ದಾರೆ. ಅದು ಕೆಲಸ ಮಾಡೋದೇ ಐರಿಸ್ಸಿನ ವಿನ್ಯಾಸ ಬದಲಾಗುವುದಿಲ್ಲ ಅನ್ನೋ ಆಧಾರದ ಮೇಲೆ.

ಐರಿಸ್ ಗುರುತಿಸುವ ಅಲ್ಗಾರಿದಮ್ ಬರೆದವರು ಕೇಂಬ್ರಿಜ್‌ನ ಜಾನ್ ಡಾಗ್‌ಮನ್. 1994ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇಮೇಜ್ ಪ್ರೊಸೆಸಿಂಗ್ ಎಲೆಕ್ಟಿವ್ ತೆಗೆದುಕೊಂಡವರಿಗೆ ಇದು ಹಬ್ಬದೂಟ. ಮೊದಲು ಐರಿಸ್ಸಿನ ಒಳ, ಹೊರ ಅಂಚು ಹುಡುಕಬೇಕು. ಪಾಪೆ ಹಿಗ್ಗಿ ಕುಗ್ಗುವುದರಿಂದ ಆಗುವ ಎಳೆತವನ್ನು ಸರಿಪಡಿಸಬೇಕು, ಆ ಮಾದರಿಗೆ ‘ರಬ್ಬರ್ ಶೀಟ್’ ಅಂತಲೇ ಹೆಸರು. ಆಮೇಲೆ ಗೇಬರ್ ಫಿಲ್ಟರ್ ಹಾಯಿಸಿ ಪ್ರತಿ ಜಾಗದ ಫೇಸ್ ತೆಗೆದು 2048 ಬಿಟ್‌ಗಳ ಕೋಡ್ ಮಾಡಬೇಕು. ಎರಡು ಕೋಡ್‌ಗಳ ನಡುವೆ ಎಷ್ಟು ಬಿಟ್ ಬೇರೆಬೇರೆ ಅಂತ ಎಣಿಸಿದರೆ ಮುಗಿಯಿತು. ಬೇರೆಬೇರೆ ಕಣ್ಣುಗಳಾದರೆ ಹತ್ತಿರಹತ್ತಿರ ಅರ್ಧದಷ್ಟು ಬಿಟ್ ಬೇರೆ ಬರುತ್ತವೆ, ನಾಣ್ಯ ಚಿಮ್ಮಿದ ಹಾಗೆ. ಒಂದೇ ಕಣ್ಣಾದರೆ ವ್ಯತ್ಯಾಸ ಮೂರನೇ ಒಂದು ಭಾಗಕ್ಕಿಂತ ಎಷ್ಟೋ ಕೆಳಗೆ. ನಮ್ಮಂಥ ಕಡುಕಂದು ಕಣ್ಣಿನವರ ಐರಿಸ್ಸಿನ ವಿನ್ಯಾಸ ಮಾಮೂಲಿ ಬೆಳಕಲ್ಲಿ ಸರಿಯಾಗಿ ಕಾಣುವುದೇ ಇಲ್ಲ, ಮೆಲನಿನ್ ಬೆಳಕನ್ನು ನುಂಗುತ್ತದೆ. ಅದಕ್ಕೇ ಈ ಸ್ಕ್ಯಾನರ್‌ಗಳು ಇನ್‌ಫ್ರಾರೆಡ್ ಬಳಸುತ್ತವೆ. ಮಳಿಗೆಯ ಹುಡುಗನ ಹತ್ತಿರ ಇದ್ದದ್ದು ಸಾದಾ ಬಿಳಿ ಎಲ್‌ಇಡಿ.

ಈಗ ಎರಡೂ ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಐರಿಡಾಲಜಿ ಪ್ರಕಾರ ದೇಹದ ಸ್ಥಿತಿ ಬದಲಾದ ಹಾಗೆ ಐರಿಸ್ಸಿನ ಗುರುತುಗಳು ಬದಲಾಗುತ್ತವೆ. ಬಯೋಮೆಟ್ರಿಕ್ಸ್ ಪ್ರಕಾರ ತಾಯಿಯ ಹೊಟ್ಟೆಯಲ್ಲಿ ಮೂರನೇ ತಿಂಗಳಿಗೆ ರೂಪುಗೊಳ್ಳಲು ಶುರುವಾಗಿ ಎಂಟನೇ ತಿಂಗಳ ಹೊತ್ತಿಗೆ ವಿನ್ಯಾಸ ಹೆಚ್ಚುಕಡಿಮೆ ಮುಗಿದಿರುತ್ತದೆ. ಹುಟ್ಟಿದ ಮೇಲೆ ಕೆಲವು ವರ್ಷ ಬಣ್ಣ ಗಾಢವಾಗಬಹುದು, ಅಷ್ಟೇ. ಮೊದಲನೆಯದು ನಿಜವಾಗಿದ್ದರೆ ಕಿಡ್ನಿ ಸ್ಟೋನ್ ಆದವರು, ಕಾಮಾಲೆ ಬಂದು ವಾಸಿಯಾದವರು ಮತ್ತೆಮತ್ತೆ ಆಧಾರ್ ಕೇಂದ್ರಕ್ಕೆ ಹೋಗಿ ಕಣ್ಣು ಅಪ್‌ಡೇಟ್ ಮಾಡಿಸುತ್ತಾ ಇರಬೇಕಿತ್ತು.

ನ್ಯಾಷನಲ್ ಜಿಯೋಗ್ರಾಫಿಕ್ ಮುಖಪುಟದ ಹಸಿರು ಕಣ್ಣಿನ ಅಫ್ಘನ್ ಹುಡುಗಿಯನ್ನು ನೀವೂ ನೋಡಿರುತ್ತೀರಿ. ಸ್ಟೀವ್ ಮೆಕ್‌ಕರ್ರಿ ಆ ಫೋಟೊ ತೆಗೆದದ್ದು 1984ರಲ್ಲಿ, ನಿರಾಶ್ರಿತರ ಶಿಬಿರದಲ್ಲಿ. 2002ರಲ್ಲಿ ಶರ್ಬತ್ ಗುಲಾ ಮತ್ತೆ ಸಿಕ್ಕಾಗ ಈಕೆಯೇ ಆಕೆ ಅಂತ ಖಚಿತ ಮಾಡಲು ಹಳೇ ಫೋಟೊ, ಹೊಸ ಫೋಟೊ ಎರಡನ್ನೂ ಹೋಲಿಸಿ ನೋಡಿದವರಲ್ಲಿ ಇದೇ ಡಾಗ್‌ಮನ್ ಒಬ್ಬರು. ಮಧ್ಯೆ ಮದುವೆ, ಮಕ್ಕಳು, ಯುದ್ಧ, ಹದಿನೆಂಟು ವರ್ಷ. ಮುಖ ಗುರುತೇ ಸಿಗದಷ್ಟು ಬಳಲಿತ್ತು. ಐರಿಸ್ ಮಾತ್ರ ತಾಳೆಯಾಯಿತು.

ಇನ್ನೊಂದು ವಿಷಯ ನಮಗೆ ಬಹಳ ಹಿಡಿಸಿತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಐರಿಸ್ ಕೋಡ್‌ಗಳು ಅಪರಿಚಿತರ ಕೋಡ್‌ಗಳಷ್ಟೇ ಬೇರೆಬೇರೆ. ಅಷ್ಟೇ ಅಲ್ಲ, ನಿಮ್ಮದೇ ಎಡಗಣ್ಣು, ಬಲಗಣ್ಣುಗಳದ್ದೂ ಹಾಗೇ. ಒಂದೇ ರಕ್ತ, ಒಂದೇ ಹೊಟ್ಟೆ, ಒಂದೇ ಮೆಸ್ ಊಟ. ಎರಡು ಕಣ್ಣಲ್ಲಿ ಎರಡು ಕಥೆ.

ನ್ಯಾಯವಾಗಿ ಒಂದು ಆಕ್ಷೇಪವನ್ನೂ ಎತ್ತಿಕೊಳ್ಳಬೇಕು. ‘ಅಲ್ಗಾರಿದಮ್ ನೋಡೋದು ದಪ್ಪ ವಿನ್ಯಾಸ, ನಾವು ನೋಡೋದು ಸೂಕ್ಷ್ಮ ಚುಕ್ಕೆ’ ಅಂತ ಐರಿಡಾಲಜಿಯವರು ಹೇಳಬಹುದು. ಐರಿಸ್ ಕಲ್ಲಲ್ಲಿ ಕೆತ್ತಿದ್ದು ಅಂತ ನಾವೂ ಹೇಳುತ್ತಿಲ್ಲ. ಕಣ್ಣೊಳಗೆ ಉರಿಯೂತವಾದರೆ, ಆಪರೇಷನ್ ಆದರೆ ಬದಲಾಗುತ್ತದೆ. ಗ್ಲಾಕೋಮಾಕ್ಕೆ ಹಾಕುವ ಕೆಲವು ಡ್ರಾಪ್ಸ್‌ನಿಂದ ಬಣ್ಣ ಕಪ್ಪಾಗುತ್ತದೆ. ಹಾಗಾದರೆ ಸೂಕ್ಷ್ಮ ಚುಕ್ಕೆಗಳಿಂದ ಕಾಯಿಲೆ ಹೇಳೋಕೆ ಆಗುತ್ತಾ? ತರ್ಕ ಮಾಡುತ್ತಾ ಕೂರೋದಕ್ಕಿಂತ ಪರೀಕ್ಷೆ ಮಾಡಿ ನೋಡೋದು ಸುಲಭ. ಮಾಡಿಯೂ ಆಗಿದೆ.

ಹೆಸರು ಮುಚ್ಚಿಟ್ಟು ಕೇಳಿದಾಗ

1979ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 143 ಜನರ ಎರಡೂ ಕಣ್ಣುಗಳ ಫೋಟೊ ತೆಗೆದು, ರಕ್ತದಲ್ಲಿ ಕ್ರಿಯಾಟಿನಿನ್ ಅಳೆದರು. ಕಿಡ್ನಿ ಸರಿಯಾಗಿ ಸೋಸದಿದ್ದರೆ ಈ ಅಂಶ ರಕ್ತದಲ್ಲಿ ಏರುತ್ತದೆ. 95 ಜನರ ಕಿಡ್ನಿ ಚೆನ್ನಾಗಿತ್ತು, 48 ಜನರದ್ದು ಕೆಟ್ಟಿತ್ತು. ಮೂವರು ಐರಿಡಾಲಜಿಸ್ಟರಿಗೂ ಮೂವರು ಕಣ್ಣಿನ ಡಾಕ್ಟರರಿಗೂ ಬರೀ ಫೋಟೊ ತೋರಿಸಿದರು. ಯಾರದು, ಏನು ಕಾಯಿಲೆ, ಎಷ್ಟು ಜನರಿಗೆ, ಏನೂ ಹೇಳಲಿಲ್ಲ. ಆ ಮೂವರು ಐರಿಡಾಲಜಿಸ್ಟರಲ್ಲಿ ಒಬ್ಬರು ಆಗಲೇ ಹೇಳಿದ ಜೆನ್ಸನ್. ಅಂದರೆ ಯಾರೋ ಅರೆಬೆಂದವರನ್ನು ಹಿಡಿದು ಮಾಡಿದ ಪರೀಕ್ಷೆಯಲ್ಲ, ನಕ್ಷೆ ಬರೆದವರೇ ಕೂತಿದ್ದರು.

ಫಲಿತಾಂಶ, ನಾಣ್ಯ ಚಿಮ್ಮಿದ್ದಕ್ಕಿಂತ ಉತ್ತಮವಿಲ್ಲ. ಒಬ್ಬರು ಕಿಡ್ನಿ ಚೆನ್ನಾಗಿದ್ದವರಲ್ಲಿ ಶೇ. 88 ಜನಕ್ಕೆ ಕಾಯಿಲೆ ಇದೆ ಅಂದರು. ಇನ್ನೊಬ್ಬರು ಡಯಾಲಿಸಿಸ್ ಬೇಕಾಗುವಷ್ಟು ಕೆಟ್ಟ ಸ್ಥಿತಿಯಲ್ಲಿದ್ದವರಲ್ಲಿ ಶೇ. 74 ಜನ ಆರೋಗ್ಯವಾಗಿದ್ದಾರೆ ಅಂದರು. ಮೊದಲನೆಯದು ಓದಿ ನಾವು ನಕ್ಕೆವು. ಎರಡನೆಯದಕ್ಕೆ ನಗು ಬರಲಿಲ್ಲ.

ನೆದರ್ಲೆಂಡ್ಸಿನಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗ ಆಯಿತು, 1988ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಪಿತ್ತಕೋಶದಲ್ಲಿ ಕಲ್ಲಾಗಿ, ಊದಿಕೊಂಡು, ಆಪರೇಷನ್ನಿಗೆ ಸಿದ್ಧವಾಗಿದ್ದ 39 ರೋಗಿಗಳು. ಅವರದೇ ವಯಸ್ಸಿನ, ಆ ಕಾಯಿಲೆ ಇಲ್ಲದ 39 ಜನ. ಬಲಗಣ್ಣಿನ ಸ್ಲೈಡ್‌ಗಳನ್ನು ಆ ದೇಶದ ಐವರು ಹೆಸರಾಂತ ಐರಿಡಾಲಜಿಸ್ಟರಿಗೆ ಕೊಟ್ಟರು. ಕಾಯಿಲೆ ಇದ್ದವರಲ್ಲಿ ಶೇ. 54 ಜನರನ್ನು ಸರಿಯಾಗಿ ಹಿಡಿದರು, ಇಲ್ಲದವರಲ್ಲಿ ಶೇ. 52 ಜನರಿಗೆ ಇಲ್ಲ ಅಂದರು. ಇದಕ್ಕಿಂತ ಮುಖ್ಯ ಅಂದರೆ ಐವರ ಮಧ್ಯೆಯೇ ಒಮ್ಮತ ಇರಲಿಲ್ಲ. ಒಂದೇ ಕಣ್ಣಿಗೆ ಒಬ್ಬರು ಹೌದು ಅಂದರೆ ಇನ್ನೊಬ್ಬರು ಅಲ್ಲ ಅಂದರು. 2005ರಲ್ಲಿ ಜರ್ಮನಿಯವರು ಕ್ಯಾನ್ಸರ್ ಹಿಡಿದುಕೊಂಡು ನೋಡಿದರು. ಒಬ್ಬ ಅನುಭವಿ ಐರಿಡಾಲಜಿಸ್ಟ್ 110 ಜನರನ್ನು ನೋಡಿದರು, ಅವರಲ್ಲಿ 68 ಜನರಿಗೆ ಕ್ಯಾನ್ಸರ್ ಇತ್ತು. ಸರಿಯಾಗಿ ಹೇಳಿದ್ದು ಮೂರು.

ಶೇ. 54 ಅಂದರೆ ಅರ್ಧಕ್ಕಿಂತ ಜಾಸ್ತಿಯೇ ಅಲ್ವಾ, ಪಾಸಾದ ಹಾಗೇ ಅಲ್ವಾ ಅಂತ ನಮ್ಮಲ್ಲೊಬ್ಬ ಕೇಳಿದ. ಪ್ರಾಬಬಿಲಿಟಿ ಪೇಪರ್‌ನಲ್ಲಿ ಬೇಯ್ಸ್ ಪ್ರಮೇಯ ಬಿಟ್ಟು ಬರೆದವನು ಅವನೇ. ಲೆಕ್ಕ ಹೀಗಿದೆ. ನಮ್ಮ ಕಾಲೇಜಿನಲ್ಲಿ 1000 ಜನ, ಅದರಲ್ಲಿ 10 ಜನರಿಗೆ ಒಂದು ಕಾಯಿಲೆ ಇದೆ ಅಂದುಕೊಳ್ಳೋಣ. ಈ ಡಚ್ ಪರೀಕ್ಷೆಯ ಮಟ್ಟದ ಐರಿಡಾಲಜಿಸ್ಟ್ ಒಬ್ಬರು ಎಲ್ಲರ ಕಣ್ಣು ನೋಡುತ್ತಾರೆ. ಕಾಯಿಲೆ ಇದ್ದ ಹತ್ತರಲ್ಲಿ ಐದು ಜನ ಸಿಕ್ಕರು, ಐದು ಜನ ತಪ್ಪಿಸಿಕೊಂಡರು. ಕಾಯಿಲೆ ಇಲ್ಲದ 990 ಜನರಲ್ಲಿ ಶೇ. 48, ಅಂದರೆ 475 ಜನರಿಗೂ ಇದೆ ಅಂತ ರಿಪೋರ್ಟ್ ಬಂತು. ಒಟ್ಟು 480 ಜನ ಗಾಬರಿಯಾಗಿ ಮನೆಗೆ ಫೋನ್ ಮಾಡುತ್ತಾರೆ, ನಿಜವಾಗಿ ಕಾಯಿಲೆ ಇರೋದು ಅವರಲ್ಲಿ ಐವರಿಗೆ. ನೂರಕ್ಕೆ ಒಬ್ಬರು. ಪರೀಕ್ಷೆಗೆ ಮುಂಚೆಯೂ ನೂರಕ್ಕೆ ಒಬ್ಬರೇ ಇದ್ದದ್ದು. ಕ್ಯಾಮೆರಾ, ಲ್ಯಾಪ್‌ಟಾಪ್, ಎಂಟು ಪುಟದ ಕಲರ್ ಪ್ರಿಂಟ್ ಎಲ್ಲ ಸೇರಿ ಕೊಟ್ಟ ಮಾಹಿತಿ ಸೊನ್ನೆ. ತಪ್ಪಿಸಿಕೊಂಡ ಆ ಐದು ಜನ ಮಾತ್ರ ‘ಉತ್ತಮ’ ಅಂತ ಬರೆಸಿಕೊಂಡು ನೆಮ್ಮದಿಯಾಗಿ ಹೋಗುತ್ತಾರೆ.

ಹಾಗಿದ್ದರೂ ಜನ ‘ಸರಿಯಾಗಿ ಹೇಳಿದ್ರು’ ಅನ್ನೋದು ಯಾಕೆ? ರಿಪೋರ್ಟಿನ ಭಾಷೆ ನೋಡಿ: ‘ಪ್ರವೃತ್ತಿ’, ‘ಸ್ವಲ್ಪ ದುರ್ಬಲ’, ‘ಜೀರ್ಣಶಕ್ತಿ ಏರುಪೇರು’, ‘ಒತ್ತಡಕ್ಕೆ ಒಳಗಾಗುವ ಸ್ವಭಾವ’. ಯಾರಿಗೆ ಅನ್ವಯಿಸುವುದಿಲ್ಲ ಹೇಳಿ? ಇಂಟರ್ನಲ್ಸ್ ಹಿಂದಿನ ದಿನ ನಮಗೆಲ್ಲರಿಗೂ ಅನ್ವಯಿಸುತ್ತದೆ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಮನೋವಿಜ್ಞಾನದ ಮೇಷ್ಟ್ರು ತನ್ನ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ‘ನಿನ್ನದು’ ಅಂತ ಒಂದು ವರದಿ ಕೈಗಿಟ್ಟರು. ಎಷ್ಟು ಸರಿಯಿದೆ ಅಂತ ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ವರದಿ. ಜೊತೆಗೆ ಮಳಿಗೆಯ ಹುಡುಗ ಬರೀ ಕಣ್ಣನ್ನೇ ನೋಡಿರುವುದಿಲ್ಲ. ವಯಸ್ಸು, ಹೊಟ್ಟೆ, ಉಸಿರಾಟ, ಜೇಬಿನಿಂದ ಇಣುಕುವ ಮಾತ್ರೆ ಚೀಟಿ ಎಲ್ಲವನ್ನೂ ನೋಡಿರುತ್ತಾನೆ. ‘ಶುಗರ್ ಏನಾದ್ರೂ ಇದೆಯಾ ಸಾರ್?’ ಅಂತ ಮೊದಲೇ ಕೇಳಿದ್ದನ್ನು ಅಪ್ಪನೇ ಆಮೇಲೆ ನೆನಪಿಸಿಕೊಂಡರು.

ನಮ್ಮ ಕಡೆಯ ತಪ್ಪು

ಇಲ್ಲಿವರೆಗೆ ಬರೆದು ನಾವು ಬುದ್ಧಿವಂತರ ಥರ ಕೂತಿದ್ದಾಗ, ನಮ್ಮ ನಾಲ್ವರಲ್ಲಿ ಒಬ್ಬಳು ತಲೆ ತಗ್ಗಿಸಿ ಒಂದು ವಿಷಯ ಹೇಳಿದಳು. ಹಿಂದಿನ ವರ್ಷ ಅವಳ ಟೀಮ್ ಮಿನಿ ಪ್ರಾಜೆಕ್ಟಿಗೆ ಕೊಟ್ಟಿದ್ದ ಮೂರು ವಿಷಯಗಳಲ್ಲಿ ಒಂದು, ‘ಐರಿಸ್ ಚಿತ್ರದಿಂದ ಡಯಾಬಿಟಿಸ್ ಪತ್ತೆ’. ಗೈಡ್ ಬೇರೆ ವಿಷಯ ಆರಿಸಿದ್ದರಿಂದ ಉಳಿದುಕೊಂಡರು.

ಇಂಥ ಪೇಪರ್‌ಗಳು ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಶೇ. 90ರ ಹತ್ತಿರ ನಿಖರತೆ ಅಂತಲೂ ಬರೆದಿರುತ್ತಾರೆ. ಕೋಡ್ ಓಡುತ್ತದೆ, ಗ್ರಾಫ್ ಚೆನ್ನಾಗಿರುತ್ತದೆ, ವೈವಾದಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಡೇಟಾದ ಬಗ್ಗೆ. ಶುಗರ್ ಇರುವವರ ಫೋಟೊ ಆಸ್ಪತ್ರೆಯಲ್ಲಿ ತೆಗೆದದ್ದು, ಇಲ್ಲದವರದ್ದು ನಮ್ಮ ಕ್ಲಾಸಿನ ಹುಡುಗರದ್ದು. ಒಂದು ಕಡೆ ಐವತ್ತು ದಾಟಿದವರು, ಇನ್ನೊಂದು ಕಡೆ ಇಪ್ಪತ್ತರವರು. ವಯಸ್ಸಾದ ಹಾಗೆ ಪಾಪೆ ಚಿಕ್ಕದಾಗುತ್ತದೆ, ಕಾರ್ನಿಯಾದ ಅಂಚಿನಲ್ಲಿ ಬೂದು ಬಳೆ ಬರುತ್ತದೆ. ಮಾಡೆಲ್ ಕಲಿತದ್ದು ಡಯಾಬಿಟಿಸ್ ಅಲ್ಲ, ವಯಸ್ಸು. ಅಥವಾ ಬರೀ ಆಸ್ಪತ್ರೆಯ ಲೈಟಿಂಗ್. ಇನ್ನೂ ಕೆಟ್ಟದ್ದು ಅಂದರೆ ಲೇಬಲ್ಲನ್ನೇ ಐರಿಡಾಲಜಿಯ ನಕ್ಷೆ ನೋಡಿ ಹಾಕುವುದು; ಆಗ ಮಾಡೆಲ್ ನಕ್ಷೆಯನ್ನು ಬಾಯಿಪಾಠ ಮಾಡುತ್ತದೆ, ದೇಹದ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಕಡೂರಿನ ಮಳಿಗೆಯ ಲ್ಯಾಪ್‌ಟಾಪ್ ಮೇಲೆ ‘ಎ.ಐ. ಆಧಾರಿತ’ ಅನ್ನೋ ಸ್ಟಿಕ್ಕರ್ ಇತ್ತು. ಆ ಸಾಫ್ಟ್‌ವೇರ್ ಬರೆದವರು ಡಾಕ್ಟರುಗಳಲ್ಲ. ನಮ್ಮಂಥವರೇ ಯಾರೋ.

ಅದೇ ಕಣ್ಣು, ಸ್ವಲ್ಪ ಒಳಗೆ

ಕಣ್ಣು ನೋಡಿ ಕಾಯಿಲೆ ಹೇಳುವುದೇ ಮೋಸ ಅಂತ ಯಾರಾದರೂ ಅಂದುಕೊಂಡರೆ ಅದೂ ತಪ್ಪು. ಡಾಕ್ಟರ್ ಕೆಳರೆಪ್ಪೆ ಎಳೆದು ನೋಡೋದು ರಕ್ತ ಕಮ್ಮಿ ಇದೆಯಾ ಅಂತ. ಕಾಮಾಲೆಯಲ್ಲಿ ಕಣ್ಣಿನ ಬಿಳಿ ಭಾಗ ಹಳದಿಯಾಗೋದು ನಮ್ಮ ಅಜ್ಜಿಯರಿಗೂ ಗೊತ್ತು, ಅದು ಬಿಲಿರುಬಿನ್. ವಿಲ್ಸನ್ ಕಾಯಿಲೆಯಲ್ಲಿ ತಾಮ್ರ ಕೂಡಿಕೊಂಡು ಕಾರ್ನಿಯಾದ ಸುತ್ತ ಕಂದು ಉಂಗುರ ಮೂಡುತ್ತದೆ. ಇವುಗಳಲ್ಲಿ ಏನು, ಎಲ್ಲಿ, ಯಾಕೆ ಕೂಡಿಕೊಂಡಿತು ಅನ್ನೋದು ಗೊತ್ತಿದೆ, ಬೇರೆ ಪರೀಕ್ಷೆಯಿಂದ ತಾಳೆ ನೋಡಬಹುದು. ಪಿತ್ತಕೋಶದಿಂದ ಐರಿಸ್ಸಿನ ಆ ಸಾಸಿವೆ ಕಾಳಿನ ಜಾಗಕ್ಕೆ ಯಾವ ತಂತಿಯೂ ಇಲ್ಲ; ಐರಿಸ್ಸಿಗೆ ಬರುವ ನರಗಳ ಮುಖ್ಯ ಕೆಲಸ ಪಾಪೆಯನ್ನು ಹಿಗ್ಗಿಸುವುದು, ಕುಗ್ಗಿಸುವುದು.

ನಿಜವಾದ ನಿಧಿ ಇರೋದು ಪಾಪೆಯ ಒಳಗೆ, ಹಿಂಬದಿಯ ರೆಟಿನಾದಲ್ಲಿ. ಚರ್ಮ ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಜಾಗ ಅದು. ಶುಗರ್ ಹೆಚ್ಚಿದ್ದರೆ ಆ ಸಣ್ಣ ನಾಳಗಳು ಊದಿ, ಸೋರಿ, ಒಡೆಯುತ್ತವೆ. 2016ರಲ್ಲಿ ಗೂಗಲ್ ತಂಡ 1,28,175 ರೆಟಿನಾ ಚಿತ್ರಗಳ ಮೇಲೆ ತರಬೇತಿ ಕೊಟ್ಟ ಮಾಡೆಲ್ಲನ್ನು ಪ್ರಕಟಿಸಿತು. ಆ ಕೆಲಸದಲ್ಲಿ ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯ ಇದ್ದವು. ಲೇಬಲ್ ಹಾಕಿದವರು ಕಣ್ಣಿನ ಡಾಕ್ಟರುಗಳು, ಒಂದೊಂದು ಚಿತ್ರವನ್ನೂ ಹಲವರು ನೋಡಿ. ನಮ್ಮ ಬೆಂಗಳೂರಿನ ಫೋರಸ್ ಹೆಲ್ತ್ ಮಾಡಿದ ‘ತ್ರಿನೇತ್ರ’ ಕ್ಯಾಮೆರಾ ಹುಟ್ಟಿದ್ದೂ ಹಳ್ಳಿ ಕಡೆ ಇಂಥ ತಪಾಸಣೆ ಮಾಡೋಕೆ. 2018ರಲ್ಲಿ ಗೂಗಲ್‌ನವರೇ ಇನ್ನೊಂದು ವಿಚಿತ್ರ ತೋರಿಸಿದರು: ರೆಟಿನಾ ಫೋಟೊದಿಂದ ಗಂಡೋ ಹೆಣ್ಣೋ ಅಂತ ಮಾಡೆಲ್ ಹೇಳುತ್ತದೆ, ಅದನ್ನು ಹಾಗೆ ಹೇಳೋಕೆ ಕಣ್ಣಿನ ಡಾಕ್ಟರಿಗೂ ಆಗೋದಿಲ್ಲ. ಕೇಳಿದರೆ ಐರಿಡಾಲಜಿಗಿಂತ ವಿಚಿತ್ರ! ಆದರೆ ಮಾಡೆಲ್ ನೋಡಿರದ ಚಿತ್ರಗಳನ್ನು ಕೊಟ್ಟು, ಉತ್ತರ ಮುಚ್ಚಿಟ್ಟು ಪರೀಕ್ಷಿಸಿದಾಗ ನಿಂತಿತು. ಐರಿಡಾಲಜಿ ನಿಲ್ಲಲಿಲ್ಲ. ನಮ್ಮ ತಕರಾರು ಇಷ್ಟೇ.

ಗೆಳೆಯ ಇದನ್ನೆಲ್ಲ ಅಪ್ಪನಿಗೆ ಹೇಳಲಿಲ್ಲ. ಡಾಗ್‌ಮನ್, ಬೇಯ್ಸ್ ಎಲ್ಲ ತೋಟದಲ್ಲಿ ನಡೆಯಲ್ಲ ಅಂದ. ಫೋನ್ ಮಾಡಿ, ‘ಅಪ್ಪಾ, ಮೇದೋಜೀರಕ ಗ್ರಂಥಿ ಉತ್ತಮ ಅಂತ ಬಂದಿದೆಯಲ್ಲ, ಹಾಗಿದ್ರೆ ಖಾಲಿ ಹೊಟ್ಟೇಲಿ ಒಂದ್ಸಲ ಶುಗರ್ ನೋಡಿಸಿಬಿಡಿ, ರಿಪೋರ್ಟ್ ಸರಿ ಇದ್ರೆ ನಾನೂ ಒಪ್ಕೋತೀನಿ’ ಅಂದ. ನಮ್ಮ ಎಲ್ಲ ಓದಿಗಿಂತ ಇದು ಒಳ್ಳೇ ಪ್ರಯೋಗ ಅಂತ ನಮಗೆ ಆಮೇಲೆ ಅನ್ನಿಸಿತು. ಅಣ್ಣ ಕರೆದುಕೊಂಡು ಹೋದ. 286 ಬಂತು. ಮಾತ್ರೆ ಬಿಟ್ಟು ಆಗ ಎರಡು ತಿಂಗಳಾಗಿತ್ತು.

ಡಾಕ್ಟರ್ ಮತ್ತೆ ಮಾತ್ರೆ ಶುರುಮಾಡಿ, ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ಫೋಟೊ ತೆಗೆದಾಗ ಎರಡೂ ಕಣ್ಣಲ್ಲಿ ರಕ್ತದ ಚುಕ್ಕೆಗಳು, ಬಲಗಣ್ಣಿನಲ್ಲಿ ಸೋರಿಕೆ. ಎರಡು ತಿಂಗಳಲ್ಲಿ ಆದದ್ದಲ್ಲ ಇದು, ವರ್ಷಗಳಿಂದ ಆಗುತ್ತಾ ಬಂದಿದೆ ಅಂದರಂತೆ ಡಾಕ್ಟರ್. ಶುಗರ್ ಇರುವವರು ವರ್ಷಕ್ಕೊಂದು ಸಲ ರೆಟಿನಾ ತೋರಿಸಬೇಕು, ನೀವು ಕೊನೆ ಸಲ ತೋರಿಸಿದ್ದು ಯಾವಾಗ ಅಂತ ಕೇಳಿದ್ದಾರೆ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಇಲ್ಲ. ಕನ್ನಡಕದ ನಂಬರ್ ಮಾತ್ರ ಎರಡು ಸಲ ಬದಲಾಯಿಸಿದ್ದರು. ಹಾಗಾಗಿ ಎಲ್ಲ ತಪ್ಪನ್ನೂ ಮಳಿಗೆಯವನ ಮೇಲೆ ಹಾಕೋಕೂ ಆಗಲ್ಲ. ಅವನು ಆ ಕಣ್ಣುಗಳನ್ನು ಅಷ್ಟು ದೊಡ್ಡದು ಮಾಡಿ ನೋಡಿ, ಹಾಳಾಗುತ್ತಿದ್ದ ಭಾಗವನ್ನು ಬಿಟ್ಟು, ಹಾಳಾಗದ ಭಾಗದ ಬಗ್ಗೆ ಎಂಟು ಪುಟ ಬರೆದುಕೊಟ್ಟ.

ಲೇಸರ್ ಒಂದು ಸಲ ಆಗಿದೆ, ಮುಂದಿನ ತಿಂಗಳು ಇನ್ನೊಂದಿದೆ. ಇದನ್ನು ಓದಿದ ಮೇಲೆ ನಮ್ಮಲ್ಲಿ ಇಬ್ಬರು ಮನೆಗೆ ಫೋನ್ ಮಾಡಿ ‘ಅಮ್ಮಾ, ರೆಟಿನಾ ಯಾವಾಗ ತೋರಿಸಿದ್ದೆ?’ ಅಂತ ಕೇಳಿದೆವು. ಇಬ್ಬರ ಮನೆಯಲ್ಲೂ ‘ಅದ್ಯಾಕೆ ಈಗ?’ ಅನ್ನೋದೇ ಉತ್ತರ. ಪುಡಿ ಡಬ್ಬಿಗಳು ಕಡೂರಿನ ಮನೆಯ ಅಟ್ಟದ ಮೇಲೆ ಹಾಗೇ ಇವೆಯಂತೆ. 2,400 ರೂಪಾಯಿ ಕೊಟ್ಟದ್ದನ್ನು ಎಸೆಯೋಕೆ ಅಮ್ಮನಿಗೆ ಮನಸ್ಸು ಬರುತ್ತಿಲ್ಲ.